ಗಿರಿಜಕ್ಕ ಮೂಡದ ಫೋಟೋ

೧೯೫೪ರಲ್ಲಿ ನಾನು ಪರೇಲಿನ ಒಂದು ಸ್ಟುಡಿಯೋದಲ್ಲಿ ಫೋಟೋಗ್ರಾಫರ್ ಆಗಿದ್ದೆ. ಹುಟ್ಟೂರು ಧಾರವಾಡ. ಮದುವೆ, ನಾಮಕರಣಗಳ ನಡುವೆ ಆಗಾಗ ಕೋರ್ಟಿನ ಕೆಲಸವೂ ಬರುತ್ತಿತ್ತು. ವಿಲೆ ಪಾರ್ಲೆಯ ಹಳೇ ಬಂಗಲೆಯೊಂದು ಪಾಳುಬಿದ್ದಿದೆ, ಒಳಗಿನ ಫೋಟೋ ಬೇಕು ಎಂದು ಅದರ ವಾರಸುದಾರರ ವಕೀಲರು ಹೇಳಿಕಳಿಸಿದರು. ಅವರ ಗುಮಾಸ್ತ ನನ್ನ ಜೊತೆಗೇ ಬಂದ.

ಪಾಳು ಎನ್ನಲು ಅಡ್ಡಿಯಿರಲಿಲ್ಲ. ಹಜಾರದಲ್ಲಿ ತೂಗುದೀಪದ ಕೊಕ್ಕೆ ಮಾತ್ರ ಉಳಿದಿತ್ತು. ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಆದರೆ ಹಿಂದಿನ ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅಲ್ಲಿದ್ದವರು ಉಡುಪಿ ಕಡೆಯ ಗಿರಿಜಕ್ಕ, ತೀರಿಹೋದ ಯಜಮಾನರಿಗೆ ಅಡುಗೆ ಮಾಡಿದವರು. ಸಾಯುವ ತನಕ ಇಲ್ಲೇ ಇರು ಎಂದು ಯಜಮಾನರು ಬಾಯಿಮಾತಿನಲ್ಲಿ ಹೇಳಿದ್ದರಂತೆ. ಮನೆಯಲ್ಲಿ ಯಾರೂ ವಾಸವಿಲ್ಲವೆಂದು ಕೋರ್ಟಿಗೆ ತೋರಿಸಿ ಅವರನ್ನು ಹೊರಹಾಕುವುದು ವಾರಸುದಾರರ ಹೂಟ.

ಕರೆಂಟ್ ಕಟ್ ಮಾಡಿಸಿದ್ದರು. ಬೆಂಕಿಯ ಭಯವೆಂದು ಫ್ಲಾಶ್ ಪೌಡರಿಗೂ ಗುಮಾಸ್ತ ಒಪ್ಪಲಿಲ್ಲ. ಹಾಗಾಗಿ ಲೆನ್ಸನ್ನು ಮೂರು ನಿಮಿಷ ತೆರೆದಿಡಬೇಕಾಯಿತು. ಅಷ್ಟು ದೀರ್ಘ ಎಕ್ಸ್‌ಪೋಶರಿನಲ್ಲಿ ಕದಲದೆ ಇರುವುದು ಮಾತ್ರ ಮೂಡುತ್ತದೆ. ಓಡಾಡುವವರು ಕ್ಯಾಮೆರಾದೊಳಗಿನ ಗಾಜಿನ ಪ್ಲೇಟಿನ ಮೇಲೆ ಉಳಿಯುವುದಿಲ್ಲ. ಗಿರಿಜಕ್ಕ ಎಂದಿನಂತೆ ಹಜಾರ ಗುಡಿಸುತ್ತಾ ಕ್ಯಾಮೆರಾದ ಮುಂದೆಯೇ ಹಾದುಹೋದರು.

“ನಾನೂ ಬಂದೆನಾ ಮಾರಾಯ್ರೆ ಫೋಟೋದಲ್ಲಿ?”

“ಇಲ್ಲರೀ ಅಕ್ಕಾ. ಒಲಿ ಮುಂದ ಅಲುಗಾಡದಂಗ ಕೂಡ್ರಿ, ಇನ್ನೊಂದು ತೆಗೀತೀನಿ.”

“ಔರತ್ ನಹೀ, ಖಾಲೀ ಘರ್ ಮಾಂಗ್ತಾ” ಎಂದು, ಹೆಂಗಸು ಫೋಟೋದಲ್ಲಿ ಇರಕೂಡದೆಂದು ಗುಮಾಸ್ತ ಗದರಿದ. ನಾನು ಕೇಳಲಿಲ್ಲ, ನನ್ನ ಸ್ವಂತ ಪ್ಲೇಟು ಹಾಕಿ ತೆಗೆದೆ. ಮೂರು ನಿಮಿಷವೂ ಆಕೆ ಕಲ್ಲಿನಂತೆ ಕೂತರು. ಪ್ರಿಂಟನ್ನು ಅವರ ಕೈಗೇ ಕೊಟ್ಟೆ.

ಕೋರ್ಟಿನಲ್ಲಿ ಖಾಲಿ ಹಜಾರದ ಫೋಟೋವನ್ನು ಯಾರೂ ಪ್ರಶ್ನಿಸಲಿಲ್ಲ. ಗಿರಿಜಕ್ಕ ತಮ್ಮ ಫೋಟೋವನ್ನು ಮುಂದಿಟ್ಟಾಗ ವಾರಸುದಾರರ ವಕೀಲರು ಸಾಕ್ಷಿಕಟ್ಟೆಯಲ್ಲಿದ್ದ ನನ್ನ ಕಡೆ ತಿರುಗಿದರು. ಈಕೆ ತಾನಾಗಿ ಕೂತಳೋ, ನೀವು ಕೂಡಿಸಿದಿರೋ ಎಂದು ಕೇಳಿದರು. ನಾನೇ ಕೂಡಿಸಿದೆ ಎಂದೆ. ಕಾರಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ “ಅಷ್ಟು ಸಾಕು” ಎಂದರು. ಬೇಕೆಂದೇ ಹೂಡಿದ ಚಿತ್ರವೆಂದು ನ್ಯಾಯಾಧೀಶರು ಅದನ್ನು ಬದಿಗಿಟ್ಟರು. ಗಿರಿಜಕ್ಕ ಮನೆ ಬಿಡಬೇಕೆಂದು ತೀರ್ಪಾಯಿತು.

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎನ್ನುವವರನ್ನು ಕಂಡರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಗುಡಿಸುತ್ತಿದ್ದವರು ಕ್ಯಾಮೆರಾಕ್ಕೆ ಕಾಣಲಿಲ್ಲ. ಕೂತವರನ್ನು ಕೋರ್ಟು ನಂಬಲಿಲ್ಲ. ಇಷ್ಟು ವರ್ಷದ ಕಸುಬು ನನಗೆ ಕಲಿಸಿದ್ದು ಅಷ್ಟೇ.

ಕೋರ್ಟಿನ ಮೆಟ್ಟಿಲ ಮೇಲೆ ಗಿರಿಜಕ್ಕ ಆ ಪ್ರಿಂಟನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದರು.

“ಕೂತದ್ದೇ ತಪ್ಪಾಯ್ತಾ ಮಾರಾಯ್ರೆ? ಆ ಮನೆಯಲ್ಲಿ ನಾನು ಕೆಲಸ ಬಿಟ್ಟು ಕೂತದ್ದು ಅದೊಂದೇ ಸಲ.”