ಹಳೆಯ ಡಬ್ಬದೊಳಗಿನ ಜೋಳದ ಹೊಲ

ಜ್ಯೇಷ್ಠದ ಬಿಸಿಗಾಳಿ ರಾತ್ರಿಯಿಡೀ ಬೀಸಿ ಈಗಷ್ಟೇ ಸುಸ್ತಾಗಿ ನಿಂತಿದೆ. ದೆಹಲಿಯ ಪೀತಮ್‌ಪುರಾ ಮಾರುಕಟ್ಟೆಯಲ್ಲಿ ಹಾಲಿನವನ ಸೈಕಲ್ಲು ಬಿಟ್ಟರೆ ಸದ್ದಿಲ್ಲ. ನೆಲಮಾಳಿಗೆಯ ಕೊನೆಯ ಅಂಗಡಿಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಇಂದುಶೇಖರ ಒಂದು ಕಪ್ಪು ವಿಡಿಯೊ ಗೇಮ್ ಡಬ್ಬದ ಮುಚ್ಚಳ ಬಿಚ್ಚಿ, ಅದರ ಹೊಟ್ಟೆಗೆ ಟೇಬಲ್ ಫ್ಯಾನ್ ತಿರುಗಿಸಿ, ಫ್ಯಾನಿನ ಹಿಂದೆ ಒದ್ದೆ ಗೋಣಿತಾಟು ಇಳಿಬಿಡುತ್ತಾರೆ. ಬಿಸಿಲೇರಿದರೆ ಈ ಯಂತ್ರ ಏಳುವುದಿಲ್ಲ. “ಮುದಿ ಎತ್ತು ಇದು. ತಂಪು ಹೊತ್ತಲ್ಲಿ ಒಂದೆರಡು ಸಾಲು ಹೊಡೆಯುತ್ತೆ, ಆಮೇಲೆ ಕೂತುಬಿಡುತ್ತೆ” ಎನ್ನುತ್ತಾರೆ.

ಶಿರಾ ಸೀಮೆಯ ಒಕ್ಕಲು ಮನೆಯಲ್ಲಿ ಹುಟ್ಟಿದವರು ಇಂದುಶೇಖರ. ರೇಡಿಯೊ ರಿಪೇರಿ ಕಲಿತು ದೆಹಲಿಗೆ ಬಂದವರು ವಿಡಿಯೊ ಗೇಮಿಗೆ ತಿರುಗಿಕೊಂಡರು. ದಿನಕ್ಕೆ ಏಳೆಂಟು ಡಬ್ಬ ಬಂದರೆ ಅದೇ ಸುಗ್ಗಿ. ಒತ್ತಿದ ಗುಂಡಿ ಮೇಲೇಳದ್ದು, ಜಿರಲೆ ಹೊಕ್ಕದ್ದು, ಡಿಸ್ಕ್ ನುಂಗಿ ಉಗುಳದ್ದು. ಪಕ್ಕದಂಗಡಿಯವರು “ಛೋಡೋ ಭಯ್ಯಾ, ನಯಾ ಲೇ ಲೋ” ಎಂದು ಹೊಸದು ಕೊಳ್ಳಲು ಹೇಳಿ ಸಾಗಹಾಕಿದ ಗಿರಾಕಿಗಳೆಲ್ಲ ಕೊನೆಗೆ ಇಲ್ಲಿಗೇ ಇಳಿದು ಬರುತ್ತಾರೆ. ಹೆಂಡತಿ ವಿಮಲಾ ಬುತ್ತಿ ತಂದಿಟ್ಟು ಮೂದಲಿಸುವುದುಂಟು: “ಅಂಗಡಿಯಲ್ಲ ರೀ ಇದು, ಗೋಶಾಲೆ. ಇರೋವೆಲ್ಲ ಹಾಲು ಬತ್ತಿದವೇ.”

ಹಳೆಯ ಡಿಸ್ಕುಗಳ ಸಂಕಟವನ್ನು ಅವರ ಬಾಯಲ್ಲೇ ಕೇಳಬೇಕು. ಬೆಂಚಿನ ಮೇಲಿರುವ ಈ ಮಾದರಿಯ ಮೊದಮೊದಲ ಡಬ್ಬಗಳಲ್ಲಿ ಹಿಂದಿನ ಯಂತ್ರದ ಮಿದುಳನ್ನೂ ಕೂರಿಸಿ ಕಳಿಸಿದ್ದರಂತೆ. ಹಳೆಯ ಆಟ, ಹೊಸ ಆಟ ಎರಡೂ ಒಂದರಲ್ಲೇ ನಡೆಯುತ್ತಿದ್ದವು. ಆಮೇಲೆ ಖರ್ಚು ಉಳಿಯಲೆಂದು ಹಳೆಯದನ್ನು ಕಿತ್ತುಹಾಕಿದರು. “ಸೊಸೆ ಬಂದಳು ಅಂತ ಅತ್ತೇನ ಬೀದಿಗೆ ಹಾಕಿದ ಹಾಗಾಯ್ತು. ಹೊಸದು ಬರಲಿ, ಬೇಡ ಅನ್ನಲ್ಲ. ಹಳೇ ಡಿಸ್ಕ್ ಮನೆಗೆ ಬಂದರೆ ‘ಯಾರು ನೀನು’ ಅಂತ ಕೇಳಬಾರದು, ಅಷ್ಟೆ.”

ಬೆಂಚಿನ ಮೇಲಿನ ಡಬ್ಬ ಸಂದೀಪನದು. ಮಯೂರ್ ವಿಹಾರದ ಗಿರಿಜಮ್ಮನ ಮಗ. ಜ್ವರ ಬಂದು ಆಸ್ಪತ್ರೆ ಸೇರಿದವನು ತಿರುಗಿ ಬರಲಿಲ್ಲ. ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗ, ಆಡುತ್ತಿದ್ದದ್ದು ಬೇಸಾಯದ ಆಟ. ಪರದೆಯ ಮೇಲೆ ಒಂದು ಹೊಲ, ಒಂದು ಗುಡಿಸಲು, ಅಮ್ಮನ ತವರಿನ ಹಸುವಿನ ಹೆಸರಿಟ್ಟ ಒಂದು ಹಸು, ಕೆಂಪಿ. ಅವನು ಹೋದಾಗ ಹೊಲದಲ್ಲಿ ಜೋಳ ಕೊಯ್ಲಿಗೆ ಬಂದಿತ್ತು.

ಡಬ್ಬ ಆರಿಸಿದರೆ ಮಗನ ಹೊಲ ಅಳಿಸಿಹೋದೀತೆಂದು ಗಿರಿಜಮ್ಮ ಅದನ್ನು ಆರಿಸಲೇ ಇಲ್ಲ. ಧೂಳು ಬೀಳದಿರಲೆಂದು ಮಗನ ಶಾಲನ್ನೇ ಹೊದಿಸಿದರು. ಇದೇ ಬೇಸಿಗೆಯಂಥ ಬೇಸಿಗೆಯಲ್ಲಿ ಶಾಲಿನೊಳಗೇ ಅದು ಬೆಂದುಹೋಯಿತು. ಮಗಳು ಧಾರಿಣಿ ಅದೇ ಕಂಪನಿಯ ಹೊಸ ಡಬ್ಬ ತಂದಳು. ಅದು ಈ ಡಿಸ್ಕಿನ ಗುರುತೇ ಹಿಡಿಯಲಿಲ್ಲ. ಸಂದೀಪನ ಹೊಲವಿರುವುದು ಅವನ ಡಬ್ಬದ ಒಳಗೇ. ಇಂದುಶೇಖರ ಅದರ ಬೆಸುಗೆ ಕಾಯಿಸಿ, ಬಿರುಕು ಕೂಡಿಸಿ ಜೀವ ತಂದರು. ಪ್ರತಿ ಸಲ ಕಾಯಿಸಿದಾಗಲೂ ಅದರ ಆಯುಷ್ಯ ಒಂದಿಷ್ಟು ಕಡಿಮೆ.

ಅಂದಿನಿಂದ ಡಬ್ಬ ಅಂಗಡಿಯಲ್ಲೇ ಇದೆ; ತಿಂಗಳಿಗೊಮ್ಮೆ ತಾಯಿ-ಮಗಳು ಮೊದಲ ಮೆಟ್ರೋ ಹಿಡಿದು ಬರುತ್ತಾರೆ. ಆಟದ ರೈತ ಮನೆಗೆ ಹೋಗಿ ಮಲಗಿದರೆ ಮಾತ್ರ ಆ ದಿನ ದಾಖಲಾಗಿ ಮರುದಿನ ಹುಟ್ಟುತ್ತದೆ. ಹಾಗಾಗಿ ಅವನನ್ನು ಮಲಗಿಸುವುದಿಲ್ಲ. ಹೊಲ ಸುತ್ತಿಸಿ, ಕೆಂಪಿಯನ್ನು ನೋಡಿ, ಡಬ್ಬ ಆರಿಸುತ್ತಾರೆ. ಮುಂದಿನ ಸಲ ಬಂದರೆ ಅದೇ ಬೆಳಗು, ಅದೇ ಮಾಗಿದ ಜೋಳ.

ಇವತ್ತು ಅವರು ಬಂದಾಗ ಇಂದುಶೇಖರ ನಿಜ ಮುಚ್ಚಿಡುವುದಿಲ್ಲ. “ಅಮ್ಮಾ, ಇನ್ನು ಬೆಸುಗೆ ಹಿಡಿಯಲ್ಲ. ಇನ್ನೊಂದು ಸಲ ಏಳೋದು ಅನುಮಾನ.”

ಗಿರಿಜಮ್ಮ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದು ಕೂರುತ್ತಾರೆ. ಪರದೆ ಬೆಳಗುತ್ತದೆ. ತೆನೆ ತೂಗುತ್ತಿವೆ.

“ಹಾಗಾದ್ರೆ ಕೊಯ್ದುಬಿಡೋಣ.”

“ಮಮ್ಮಾ, ಪ್ಲೀಸ್! ಭಯ್ಯಾ ಕಾ ಖೇತ್... ಅಣ್ಣನ ಹೊಲ ಖಾಲಿ ಆಗಿಬಿಡುತ್ತೆ” ಎಂದು ಧಾರಿಣಿ ಕೈಹಿಡಿಯುತ್ತಾಳೆ.

“ಬಿತ್ತಿದೋನು ಬರಲಿಲ್ಲ ಅಂತ ತೆನೆ ದಂಟಲ್ಲೇ ಒಣಗಬೇಕೇನೆ?”

ಮೊದಲ ಸಲ ಗಿರಿಜಮ್ಮ ಆಟ ಆಡಿಸುವ ಹಿಡಿಕೆಯನ್ನು ತಾವೇ ಕೈಗೆ ತೆಗೆದುಕೊಳ್ಳುತ್ತಾರೆ. ಇಂದುಶೇಖರ ಗುಂಡಿ ತೋರಿಸುತ್ತಾರೆ. ಸಾಲು ಸಾಲಾಗಿ ಹೊಲ ಬರಿದಾಗುತ್ತದೆ. ಎರಡು ಬಾರಿ ರೈತ ಬೇಲಿಗೆ ಡಿಕ್ಕಿ ಹೊಡೆಯುತ್ತಾನೆ. “ಕುಡಿದಿದ್ದಾನೇನೋ ಈ ಆಳು” ಎಂದು ಗಿರಿಜಮ್ಮನೇ ನಗುತ್ತಾರೆ. ಧಾರಿಣಿ ಅಳುತ್ತಲೇ ನಗುತ್ತಾಳೆ. ಮೂಲೆಯ ಒಂದು ಗಿಡವನ್ನು ಮಾತ್ರ ಗಿರಿಜಮ್ಮ ಮುಟ್ಟುವುದಿಲ್ಲ.

“ಅದೊಂದು ಉಳೀತಲ್ಲಮ್ಮ” ಎನ್ನುತ್ತಾರೆ ಇಂದುಶೇಖರ.

“ಹಕ್ಕಿಗೆ ಬಿಡಬೇಕಲ್ಲಪ್ಪ. ಒಕ್ಕಲು ಮನೆಯೋನು, ಮರೆತೆಯಾ?” ಹಿಡಿಕೆ ಅವರ ಕೈಗಿಡುತ್ತಾರೆ. “ಇನ್ನು ಮಲಗಿಸು. ದಣಿದಿರ್ತಾನೆ.”

ಇಂದುಶೇಖರ ರೈತನನ್ನು ಗುಡಿಸಲಿನೊಳಗೆ ನಡೆಸಿ, ಹಾಸಿಗೆಯ ಬಳಿ ತಂದು ಮಲಗಿಸುತ್ತಾರೆ. ದಿನ ದಾಖಲಾಯಿತೆಂದು ಪರದೆ ಹೇಳುತ್ತದೆ. ಆಟದಲ್ಲಿ ಬೆಳಗಾಗುವ ಮೊದಲೇ ಡಬ್ಬ ಒಮ್ಮೆ ಕೀರಲು ದನಿ ತೆಗೆದು ಕಪ್ಪಾಗುತ್ತದೆ. ಅವರು ಮತ್ತೆ ಗುಂಡಿ ಒತ್ತಿ ನೋಡುವುದಿಲ್ಲ. “ಬೆಳೆ ಮನೆ ಸೇರೋತನಕ ನಿಂತಿತು” ಎನ್ನುತ್ತ, ಮುಚ್ಚಳ ಕೂರಿಸಿ ತಿರುಪು ಬಿಗಿಯುತ್ತಾರೆ.

ಗಿರಿಜಮ್ಮ ಡಬ್ಬವನ್ನು ಅದೇ ಶಾಲಿನಲ್ಲಿ ಸುತ್ತಿಕೊಂಡು ಎರಡು ಮೆಟ್ಟಿಲು ಹತ್ತಿ ನಿಲ್ಲುತ್ತಾರೆ.

“ನಿಮ್ಮ ಕಡೆ ಮುಯ್ಯಾಳು ಅಂತ ಹೋಗ್ತಿದ್ರಾ, ಇಂದುಶೇಖರ?”

“ಹೋಗ್ತಿದ್ವಿ ಅಮ್ಮ. ಇವತ್ತು ಅವರ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವರು.”

“ಇವತ್ತು ಅವನ ಹೊಲಕ್ಕೆ ನಾವಿಬ್ಬರೂ ದುಡಿದ್ವಿ” ಎಂದು ಗಿರಿಜಮ್ಮ ಶಾಲಿನ ಗಂಟು ಎದೆಗೊತ್ತಿಕೊಳ್ಳುತ್ತಾರೆ. “ಇಬ್ಬರ ಮುಯ್ಯೂ ತೀರಿಸದೆ ಉಳಿಸ್ಕೊಂಡ ನೋಡು, ಕಳ್ಳ.”