ಪುಡಿಯಿಂದ ಬಂದ ಆರಾಮ

ಮೊದಲು ಶುರುವಾದದ್ದು ಉಬ್ಬರ.

ಎರಡು ಅಕ್ಕಿರೊಟ್ಟಿ, ನಮ್ಮ ಪತ್ತಿರ್, ತಿಂದರೆ ಮದುವೆಯೂಟ ಉಂಡ ಹಾಗೆ ಹೊಟ್ಟೆ ಬಿಗಿಯುತ್ತಿತ್ತು. ನಾನು ಮೆಲ್ಕಾರಿನ ಶಾಲೆಯೊಂದರಲ್ಲಿ ಕನ್ನಡ ಟೀಚರ್. ಮಧ್ಯಾಹ್ನದ ತರಗತಿಗೆ ಮೊದಲು ಚೂಡಿದಾರದ ಲಾಡಿ ಸಡಿಲಿಸಿಕೊಳ್ಳುತ್ತಿದ್ದೆ. ರಾತ್ರಿ ಎದೆಯುರಿಗೆ ನಿದ್ದೆಯೂ ಇರಲಿಲ್ಲ. ಗ್ಯಾಸ್ ಎಂದುಕೊಂಡೆ. ಎಲ್ಲರೂ ಹಾಗೆಯೇ ಅಂದರು. ಓಮದ ಕಷಾಯ, ಮೆಡಿಕಲ್‌ನ ಮಾತ್ರೆ, ಯಾವುದಕ್ಕೂ ಅದು ಬಗ್ಗಲಿಲ್ಲ.

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅಜೀರ್ಣದ ಬಗ್ಗೆ ಅಧ್ಯಯನ ನಡೆಯುತ್ತಿತ್ತು. ಸೇರಿಕೊಂಡೆ. ಅಲ್ಲಿನ ಡಾಕ್ಟರ್ ಶ್ವೇತಾ ನನಗೆ ಪುಡಿಯ ಪ್ಯಾಕೆಟ್‌ಗಳನ್ನು ಕೊಟ್ಟರು.

“ಕೆಲವರಿಗೆ ಪ್ರೋಬಯಾಟಿಕ್, ಅಂದ್ರೆ ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ, ಕೆಲವರಿಗೆ ಔಷಧವಿಲ್ಲದ ಖಾಲಿ ಪುಡಿ. ನಿಮ್ಮದು ಯಾವುದು ಅಂತ ನನಗೂ ಗೊತ್ತಿಲ್ಲ ಟೀಚರ್.”

ಬೆಳಿಗ್ಗೆ ಆ ಪುಡಿ, ಮಧ್ಯಾಹ್ನ ಅವರು ಹೇಳಿದಂತೆ ಗಂಜಿ, ಮೊಸರು. ಕೆಲವೇ ವಾರಗಳಲ್ಲಿ ಉರಿ ಇಳಿಯಿತು, ನಿದ್ದೆ ಬಂತು.

“ನೋಡು, ಮುಖದಲ್ಲಿ ಕಳೆ ಬಂದಿದೆ ಮಾರಾಯ್ತಿ,” ಎಂದರು ನನ್ನ ಗಂಡ ಹಮೀದ್.

ಮುಖ ಹೌದು. ತೋಳುಗಳು ಮಾತ್ರ ಸಣ್ಣಗಾಗುತ್ತಿದ್ದವು. ಹೊಟ್ಟೆ ಇದ್ದ ಹಾಗೇ ಇತ್ತು. ಸ್ಟಾಫ್‌ರೂಮಿನಲ್ಲಿ ಒಬ್ಬರು “ಏನು ಟೀಚರ್, ವಿಶೇಷ ಉಂಟಾ?” ಎಂದು ತಮಾಷೆ ಮಾಡಿದರು. ಮಗಳಿಗೆ ಮದುವೆ ಮಾಡಿ ಮುಗಿಸಿದ ವಯಸ್ಸು ನನ್ನದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಶಾಲನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ.

ಮುಂದಿನ ಭೇಟಿಯಲ್ಲಿ ಡಾಕ್ಟರ್ ನಗುತ್ತಲೇ ಹೊಟ್ಟೆ ಒತ್ತಿ ನೋಡಿದರು. ಕೈ ಒಂದು ಕಡೆ ನಿಂತಿತು. ಮತ್ತೆ ಅಲ್ಲೇ ಒತ್ತಿದರು. ನಗು ನಿಂತಿತ್ತು.

“ಊಟ ಸೇರ್ತದಾ?”

“ನಾಲ್ಕು ತುತ್ತಿಗೇ ಸಾಕಾಗ್ತದೆ. ಆದ್ರೆ ಉರಿ ಇಲ್ಲ.”

“ಇವತ್ತೇ ಸ್ಕ್ಯಾನಿಂಗ್ ಮಾಡಿಸುವ. ಪುಡಿ ಇನ್ನು ಬೇಡ. ಅಧ್ಯಯನದಿಂದ ನಿಮ್ಮನ್ನು ಬಿಡ್ತೇನೆ.”

“ಪುಡಿ ನನಗೆ ಆಗಿಬಂದಿದೆ ಡಾಕ್ಟ್ರೇ.”

“ನನಗೆ ಹೆದರಿಕೆ ಅದಕ್ಕೇ ಟೀಚರ್.”

ಅಂಡಾಶಯದಲ್ಲಿ ಗಡ್ಡೆ. ಹೊಟ್ಟೆಯೊಳಗೆ ನೀರು.

ಬಯಾಪ್ಸಿ ಕ್ಯಾನ್ಸರ್ ಎಂದಿತು. ಆಪರೇಷನ್ ಆಯಿತು, ಕೀಮೋ ಆಯಿತು. ಕೂದಲು ಹೋಯಿತು. ಬಾಯಿಗೆ ನೀರೂ ಕಹಿಯಾಯಿತು. ಹಮೀದ್ ತಮ್ಮ ಅಂಗಡಿ ಮುಚ್ಚಿ ಬಂದು ನನ್ನ ಮಂಚದ ಪಕ್ಕ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು.

ನನ್ನ ಪ್ಯಾಕೆಟ್‌ನಲ್ಲಿ ಏನಿತ್ತು ಎಂದು ಒಮ್ಮೆ ಡಾಕ್ಟರ್ ಶ್ವೇತಾರನ್ನು ಕೇಳಿದೆ. ಅಧ್ಯಯನ ಮುಗಿಯುವವರೆಗೆ ತಿಳಿಯುವುದಿಲ್ಲ ಎಂದರು. ಔಷಧವೋ ಖಾಲಿ ಪುಡಿಯೋ, ನನಗೆ ಸಿಕ್ಕಿದ ಆರಾಮ ಸುಳ್ಳಲ್ಲ. ಆ ಆರಾಮದ ಅಡಿಯಲ್ಲೇ ಗಡ್ಡೆ ಬೆಳೆಯುತ್ತಿತ್ತು. ಅದೇ ಪುಡಿಯನ್ನು ಅಂಗಡಿಯಿಂದ ಕೊಂಡು ತಂದಿದ್ದರೆ, ಯಾರೂ ನನ್ನ ಹೊಟ್ಟೆ ಮುಟ್ಟಿ ನೋಡುತ್ತಿರಲಿಲ್ಲ. ನಾನು ಕೊನೆಯವರೆಗೂ ಅದನ್ನು ಹೊಗಳುತ್ತಲೇ ಇರುತ್ತಿದ್ದೆನೇನೋ.

ಕಳೆದ ವಾರ ಸ್ಕ್ಯಾನ್ ನೋಡಿ ಕ್ಯಾನ್ಸರ್ ಡಾಕ್ಟರ್, “ಸದ್ಯಕ್ಕೆ ಏನೂ ಕಾಣುವುದಿಲ್ಲ,” ಎಂದರು. ಹಮೀದ್ “ಏನೂ ಕಾಣುವುದಿಲ್ಲ” ಎಂಬುದನ್ನು ಮನೆಗೆ ತಂದರು. ನಾನು “ಸದ್ಯಕ್ಕೆ” ಎಂಬುದನ್ನು.

ಅಂದು ಬರುವ ದಾರಿಯಲ್ಲಿ ಹಮೀದ್ ಮೀನಿನ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಕೇಳಿದರು, “ಬಂಗುಡೆ ತಗೊಂಡು ಹೋಗುವನಾ?”

ಹೂಂ ಎಂದೆ. ನನಗೆ ಹಸಿವಾಗಿತ್ತು. ಅದು ಹಸಿವೇ ಎಂದು ನಂಬಿದೆ.