ಜವರಯ್ಯ ಉಜ್ಜಿದ ತೇಗದ ದೋಣಿ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಕುಶಾಲನಗರದಿಂದ ತುಸು ಕೆಳಗೆ ಜವರಯ್ಯ ಕಾವೇರಿಯಲ್ಲಿ ದೋಣಿ ನಡೆಸುತ್ತಿದ್ದ. ಈಚೆ ದಡ ಕೊಡಗು, ಆಚೆ ದಡ ಮೈಸೂರು. ಹಾಸನದ ಕಡೆಯಿಂದ ಬಂದು ನೆಲೆಸಿದ್ದ ಅವನಿಗೆ ಆ ಕೆಲಸಕ್ಕೆ ಸೇರಿ ಹದಿನಾರು ವರ್ಷವಾಗಿತ್ತು. ದೋಣಿ ಸರ್ಕಾರದ್ದು, ಅಪ್ಪಟ ತೇಗದ್ದು. ದಾಟುವ ಜನ ಹಲಗೆಯ ಮೇಲೆ ಕೈಯಾಡಿಸಿ, "ಎಷ್ಟು ನುಣ್ಣಗೈತೆ!" ಎಂದರೆ ಜವರಯ್ಯ ಮೀಸೆ ತಿರುವುತ್ತಿದ್ದ.

ಹಲಗೆ ನುಣ್ಣಗಿದ್ದದ್ದು ಮುದ್ದಿಯಿಂದ. ಹತ್ತಿರದ ಕಾಡಂಚಿನ ಹಾಡಿಯ ವಯಸ್ಸಾದ ವಿಧವೆ ಆಕೆ. ವಾರಕ್ಕೆರಡು ಸಲ ಕೂಲಿಗೆ ಬಂದು ಅಂಟುವಾಳದ ನೊರೆಯಲ್ಲಿ ಹಳೇ ಬಟ್ಟೆ ಅದ್ದಿ, ಮರದ ಎಳೆಗೆ ಅಡ್ಡಲಾಗಿ ಮೆಲ್ಲಗೆ ಒರೆಸುತ್ತಿದ್ದಳು. ಆಮೇಲೆ ಹೊಳೆ ನೀರು ಸುರಿದು ನೆರಳಲ್ಲಿ ಒಣಗಿಸುತ್ತಿದ್ದಳು. ಅವಸರ ಅವಳಿಗೆ ಗೊತ್ತಿರಲಿಲ್ಲ. ಅದೇ ಜವರಯ್ಯನಿಗೆ ಕಿರಿಕಿರಿ.

ಒಂದು ಬೇಸಿಗೆ, ಮುದ್ದಿ ತಂಗಿಯ ಮನೆಗೆಂದು ಕೊಡ್ಲಿಪೇಟೆಗೆ ಹೋಗಿದ್ದಾಗ, ದೋಣಿಯ ಉಸ್ತುವಾರಿಯಿದ್ದ ಓವರ್‌ಸಿಯರ್ ತಿರುಮಲೇಶ್ವರಯ್ಯ ಹೇಳಿ ಕಳಿಸಿದರು: ಮಡಿಕೇರಿಯಿಂದ ದೊಡ್ಡ ಸಾಹೇಬರು ಹೆಂಡತಿಯ ಜೊತೆ ನಾಳಿದ್ದು ದಾಟುತ್ತಾರೆ, ದೋಣಿ ಫಳಫಳ ಇರಬೇಕು.

ಜವರಯ್ಯ ಬಟ್ಟೆ ಒಗೆಯುವ ಸೋಡ ಕಲಸಿದ, ತಂತಿಯ ಬ್ರಷ್ ಹಿಡಿದ, ಎಳೆಗುಂಟ ಬಲವಾಗಿ ಉಜ್ಜಿದ. ಒದ್ದೆಯಿದ್ದಾಗ ಹೊನ್ನಿನಂತೆ ಕಂಡಿತು. ಬಿಸಿಲಿಗೆ ಒಣಗಿದ ಮೇಲೆ ನೋಡಿದರೆ ಹಲಗೆ ತುಂಬ ಕಪ್ಪು ಮಚ್ಚೆ. ಮೆತ್ತಗಿನ ಭಾಗವೆಲ್ಲ ಕಿತ್ತುಹೋಗಿ ಎಳೆಗಳು ಬಾಚಣಿಗೆಯ ಹಲ್ಲಿನಂತೆ ಎದ್ದು ನಿಂತಿದ್ದವು.

ಸಾಹೇಬರ ಹೆಂಡತಿ ಕೂರಲು ಕೈ ಊರಿದಾಗ ಅಂಗೈಗೆ ಸಿಬಿರು ಹೊಕ್ಕು ರಕ್ತ ಬಂತು. ಅವರು ಆಚೆ ದಡಕ್ಕೆ ಇಳಿದು ಹೋದ ಮೇಲೆ ಓವರ್‌ಸಿಯರ್ ಕೆಂಡವಾದರು.

"ಯಾರಯ್ಯಾ ಇದನ್ನ ಹೀಗೆ ಹಾಳು ಮಾಡಿದ್ದು?"

"ಮುದ್ದಿ, ಬುದ್ಧಿ. ಅವಳೇ ತೊಳೆಯೋದು," ಎಂದ ಜವರಯ್ಯ. ಯೋಚಿಸುವ ಮೊದಲೇ ಮಾತು ಹೊರಬಿದ್ದಿತ್ತು.

ಅಂದೇ ಸಂಜೆ ಕೊಡ್ಲಿಪೇಟೆಯಿಂದ ಬಂದ ಮುದ್ದಿಗೆ ಓವರ್‌ಸಿಯರು, "ನಾಳೆಯಿಂದ ಬರಬೇಡ," ಎಂದರು. ಅವಳು ಹಲಗೆಯನ್ನು ನೋಡಿದಳು, ಜವರಯ್ಯನನ್ನು ನೋಡಿದಳು. ತಾನು ಊರಲ್ಲೇ ಇರಲಿಲ್ಲ ಎನ್ನಬಹುದಿತ್ತು. ಏನೂ ಹೇಳದೆ ಹೋದಳು.

ಆ ನೋಟ ಜವರಯ್ಯನ ಜೊತೆಗೇ ಉಳಿಯಿತು. ಯಾರಾದರೂ "ಅಯ್ಯೋ, ದೋಣಿಗೇನಾಯ್ತು?" ಎಂದರೆ ಹುಟ್ಟನ್ನೇ ನೋಡುತ್ತಿದ್ದ. ಒಂದು ದಿನ ಹೆಂಡತಿ ಚಲುವಮ್ಮ ಸೌದೆ ರಾಶಿಯ ಹಿಂದಿನಿಂದ ತಂತಿ ಬ್ರಷ್ ತಂದು ಅವನ ಮುಂದಿಟ್ಟಳು.

"ಇದು ಯಾರ್ದು?"

ಅವನು ಅದನ್ನು ಪಕ್ಕಕ್ಕೆ ಸರಿಸಿದ.

"ಆ ಮುದುಕಿ ಮೇಲೆ ಹಾಕಿ ಹೆಂಗೆ ಉಣ್ತೀರಿ ನೀವು?"

ಮರುದಿನ ಜವರಯ್ಯ ಓವರ್‌ಸಿಯರ ಮುಂದೆ ನಿಂತು ನಿಜ ಹೇಳಿದ. ಅವರು, "ನಿನ್ನ ಬಿಟ್ಟರೆ ದೋಣಿ ನಡೆಸೋರಿಲ್ಲ ಅಂತ ಉಳಿಸ್ತೀನಿ. ಹೋಗಿ ಅವಳನ್ನ ಕರ್ಕೊಂಡು ಬಾ," ಎಂದರು.

ಮುದ್ದಿ ಆಗಲೇ ಕಾಫಿ ಎಸ್ಟೇಟಿನ ಕೆಲಸಕ್ಕೆ ಸೇರಿ ಅಲ್ಲಿನ ಕೂಲಿ ಲೈನ್‌ಮನೆಯಲ್ಲಿದ್ದಳು. ನಾಲ್ಕು ಮನೆಯವರು ನೋಡುತ್ತಿರುವಾಗಲೇ ಜವರಯ್ಯ ಕೈಮುಗಿದ.

"ತಪ್ಪು ನಂದು, ಅಕ್ಕ. ಓವರ್‌ಸಿಯರ್ಗೂ ಹೇಳಿದೀನಿ. ವಾಪಸ್ ಬಾ."

"ಅವತ್ತು ಹೇಳಿದ್ದಿದ್ರೆ ಬರ್ತಿದ್ದೆ, ಜವರಣ್ಣ. ನಿನ್ನ ಮುಖ ನೋಡ್ತಾ ಕೆಲ್ಸ ಮಾಡಕ್ಕೆ ನಂಗಾಗಲ್ಲ," ಎಂದಳು. ಒಳಗೆ ಹೋದವಳು ಮತ್ತೆ ಬಾಗಿಲಿಗೆ ಬಂದು, "ಮರ ಉಜ್ಬೇಡ. ಒರೆಸು. ಮಳೆಗಾಲ ಎರಡು ಕಳೀಲಿ, ತಾನೇ ಸರಿ ಹೋಗ್ತದೆ," ಎಂದಳು.

ಅಂದಿನಿಂದ ದೋಣಿಯನ್ನು ಜವರಯ್ಯನೇ ಒರೆಸಿದ. ಹಲಗೆ ನಿಧಾನವಾಗಿ ನಯವಾಯಿತು. ಮುದ್ದಿ ಆಗಾಗ ಸಂತೆಗೆಂದು ದಾಟಲು ಬರುತ್ತಿದ್ದಳು. ಅವಳನ್ನು ಹತ್ತಿಸಲು ಅವನು ಪ್ರತಿ ಸಲವೂ ಕೈ ಚಾಚುತ್ತಿದ್ದ. ಅವಳು ದೋಣಿಯ ಅಂಚು ಹಿಡಿದು ತಾನೇ ಹತ್ತುತ್ತಿದ್ದಳು.